ಫೈಲ್ ಇಲ್ಲದ ದಿನ ಸಂಜೀವ ಶೆಟ್ಟರಿಗೆ ಕೇಳಿಸಿದ್ದು

ಕಂಪ್ಯೂಟರಿಗೆ ದೆವ್ವ ಹಿಡಿದಿದೆ ಎನ್ನುವವರನ್ನು ಕಂಡರೆ ನನಗೆ ಮೊದಲಿನಿಂದಲೂ ತಾತ್ಸಾರ. ಮನೆಯ ದೈವಕ್ಕೆ ಕೈಮುಗಿಯುವುದು ಬೇರೆ ವಿಷಯ, ಅದನ್ನು ನಾನೂ ಮಾಡುತ್ತೇನೆ. ಆದರೆ ಮಂಗಳವಾರ ಮಾತ್ರ ಪ್ರಿಂಟರ್ ನಡೆಯುವುದಿಲ್ಲ, ಫೋಲ್ಡರ್ ಅದರಷ್ಟಕ್ಕೆ ಮಾಯವಾಯಿತು, ನಾನು ಮುಟ್ಟಲೇ ಇಲ್ಲ ಎಂದೆಲ್ಲ ಹೇಳುವವರ ಮುಖ ನೋಡಿದರೆ ಸಾಕು, ಇವರೇ ಮುಟ್ಟಿದ್ದು ಎಂದು ನನಗೆ ಗೊತ್ತಾಗುತ್ತದೆ. ಮೂಡುಬಿದಿರೆಯಲ್ಲಿ ಒಂದು ಕೋಣೆ ಇಟ್ಟುಕೊಂಡು ಸುತ್ತಲಿನ ಅಂಗಡಿ, ಕ್ಲಿನಿಕ್ಕು, ಲ್ಯಾಬುಗಳಿಗೆ ಸಾಫ್ಟ್‌ವೇರ್ ಹಾಕಿಕೊಡುವುದು, ಹಾಳಾದದ್ದನ್ನು ಸರಿಮಾಡುವುದು ನನ್ನ ಕಸುಬು. ಇಷ್ಟು ವರ್ಷಗಳಲ್ಲಿ ‘ನಾನು ಏನೋ ಒತ್ತಿದೆ, ಹಾಳಾಯಿತು’ ಎಂದು ಒಪ್ಪಿಕೊಂಡ ಒಬ್ಬ ಗಿರಾಕಿಯೂ ನನಗೆ ಸಿಕ್ಕಿಲ್ಲ. ಎಲ್ಲರ ಕಂಪ್ಯೂಟರೂ ತಾನಾಗಿಯೇ ಕೆಡುತ್ತದೆ.

ಆಯುಧಪೂಜೆಯ ದಿನ ಪೆನ್‌ಡ್ರೈವ್ ಹಾಕುವ ಕಿಂಡಿಗೆ ಕುಂಕುಮ ತುಂಬಿಸಿ, ಮರುದಿನ ‘ಯಾರೋ ಮಾಟ ಮಾಡಿದ್ದಾರೆ’ ಎಂದವರನ್ನು ನೋಡಿದ್ದೇನೆ. ಬೇಕಾದ ಬಿಲ್ಲುಗಳನ್ನೆಲ್ಲ ರಿಸೈಕಲ್ ಬಿನ್ನಿನಲ್ಲಿ ಜೋಪಾನವಾಗಿ ಇಡುತ್ತಿದ್ದ ವ್ಯಾಪಾರಿಯನ್ನು ನೋಡಿದ್ದೇನೆ. ನಾನು ಬ್ಯಾಗು ಹಿಡಿದು ಒಳಗೆ ಹೋದೊಡನೆ ನನ್ನ ಬೆನ್ನ ಹಿಂದೆ ಇಣುಕಿ, ‘ಗಂಡಸರು ಯಾರೂ ಬರ್ಲಿಲ್ವಾ?’ ಎಂದು ಕೇಳುವವರಂತೂ ಲೆಕ್ಕಕ್ಕಿಲ್ಲ. ಇಂಥವರ ನಡುವೆ ಬದುಕುವವಳಿಗೆ ವಿಚಿತ್ರ ಅನುಭವಗಳ ಬಗ್ಗೆ ಗೌರವ ಹುಟ್ಟುವುದು ಕಷ್ಟ. ಯಾರಾದರೂ ಅಂಥದ್ದನ್ನು ಹೇಳತೊಡಗಿದರೆ ನಾನು ಮನಸ್ಸಿನಲ್ಲೇ ಹುಡುಕುವುದು ಒಂದೇ: ಇವರು ಎಲ್ಲಿ ಎಡವಿದರು?

ಆದ್ದರಿಂದ ಈಗ ನಾನು ಹೇಳುವುದನ್ನು ಕೇಳಿ ನೀವೂ ಹಾಗೆಯೇ ಹುಡುಕಿದರೆ ನನಗೆ ಬೇಸರವಿಲ್ಲ. ಹುಡುಕಿ. ಸಿಕ್ಕಿದರೆ ನನಗೂ ತಿಳಿಸಿ. ಒಂದು ಮಾತು ಮಾತ್ರ ಮೊದಲೇ ಹೇಳಿಬಿಡುತ್ತೇನೆ. ಇದು ರಾತ್ರಿ ನಡೆದದ್ದಲ್ಲ, ನಾನು ಒಬ್ಬಳೇ ಇದ್ದಾಗ ನಡೆದದ್ದೂ ಅಲ್ಲ. ಬೆಳ್ತಂಗಡಿಯ ಪೇಟೆಯ ನಡುವೆ, ಊಟ ಮುಗಿದು ಸೆಕೆಗೆ ಎಲ್ಲರೂ ಬೆವರು ಒರೆಸಿಕೊಳ್ಳುತ್ತಿದ್ದ ಹೊತ್ತಿನಲ್ಲಿ ನಡೆದದ್ದು.

ಜಯಕರ ಎಂಬವರೊಬ್ಬರು ಕಿವಿಗೆ ಹಾಕುವ ಶ್ರವಣಯಂತ್ರಗಳನ್ನು ಮಾರುತ್ತಾರೆ. ಬಂಟ್ವಾಳ, ಮೂಡುಬಿದಿರೆ, ಬೆಳ್ತಂಗಡಿ ಮೂರೂ ಕಡೆ ಅವರ ಕೇಂದ್ರಗಳಿವೆ. ಮಾತಿನಲ್ಲಿ ಇವರನ್ನು ಮೀರಿಸುವವರಿಲ್ಲ. ಎದುರಿಗೆ ಕುಳಿತವನ ಕಿವಿ ನೆಟ್ಟಗಿದ್ದರೂ ಹತ್ತು ನಿಮಿಷದಲ್ಲಿ ಅವನಿಗೇ ಸಂಶಯ ಬರುವಂತೆ ಮಾಡಬಲ್ಲರು. ಪರೀಕ್ಷೆ ಮಾಡುವ ಕೆಲಸ ಮಾತ್ರ ಅವರದ್ದಲ್ಲ, ಅದಕ್ಕೆ ಓದಿ ಬಂದ ಹರಿಣಾಕ್ಷಿ ಇದ್ದಾಳೆ. ವಾರದಲ್ಲಿ ಎರಡೆರಡು ದಿನ ಒಂದೊಂದು ಊರಿಗೆ ಬಸ್ಸಿನಲ್ಲಿ ಓಡಾಡುತ್ತ ಕಿವಿ ನೋಡುವ ಹುಡುಗಿ. ಆ ಇಡೀ ವ್ಯವಹಾರದಲ್ಲಿ ನನಗೆ ಗೌರವವಿದ್ದದ್ದು ಅವಳೊಬ್ಬಳ ಮೇಲೆ.

ಪರೀಕ್ಷೆ ಹೀಗೆ. ಗಾಜಿನ ಕಿಟಕಿ ಇರುವ, ಹೊರಗಿನ ಸದ್ದು ಬಾರದ ಸಣ್ಣ ಕೋಣೆಯಲ್ಲಿ ರೋಗಿ ಹೆಡ್‌ಫೋನ್ ಹಾಕಿಕೊಂಡು ಕೂರಬೇಕು. ಮೊದಲು ಬೇರೊಂದು ಯಂತ್ರದಿಂದ ಬೀಪ್ ಎನ್ನುವ ಸದ್ದು ಬಿಡುತ್ತಾರೆ, ಕೇಳಿದರೆ ಗುಂಡಿ ಒತ್ತಬೇಕು. ಆಮೇಲೆ ಪದಗಳ ಪರೀಕ್ಷೆ. ಯಾವಳೋ ಒಬ್ಬಳು ಹೆಂಗಸು ಹಿಂದೊಮ್ಮೆ ಧ್ವನಿಮುದ್ರಿಸಿದ ಸಣ್ಣ ಸಣ್ಣ ಪದಗಳು, ಮನೆ, ಹಾಲು, ಕಿವಿ, ಮಳೆ ಎಂದು, ಒಂದೊಂದಾಗಿ ಕೇಳಿಸುತ್ತವೆ. ರೋಗಿ ಅದನ್ನೇ ತಿರುಗಿ ಹೇಳಬೇಕು. ಈ ಪದಗಳನ್ನು ನುಡಿಸುವ ಸಾಫ್ಟ್‌ವೇರನ್ನು ಮಾಡಿದ ಮಂಗಳೂರಿನ ಕಂಪೆನಿ ಎಂದೋ ಬಾಗಿಲು ಹಾಕಿತ್ತು. ಬಂಟ್ವಾಳದ ಹಳೆಯ ಕಂಪ್ಯೂಟರಿನಲ್ಲಿ ಮಾತ್ರ ಅದು ಸರಿಯಾಗಿ ನಡೆಯುತ್ತಿತ್ತು. ಉಳಿದ ಎರಡು ಕಡೆಗೂ ಅದನ್ನು ಹಾಕಿಕೊಡಬೇಕೆಂದು ಜಯಕರ ನನ್ನನ್ನು ಕರೆಸಿದರು.

ಕರೆಸುವ ಮೊದಲು ಅವರೇ ಒಂದು ಕೈ ನೋಡಿದ್ದರು. ಬಂಟ್ವಾಳದ ಕಂಪ್ಯೂಟರಿನ ಪರದೆಯ ಮೇಲಿದ್ದ ಸಣ್ಣ ಚಿತ್ರವನ್ನು ಮಾತ್ರ ಪೆನ್‌ಡ್ರೈವಿಗೆ ಹಾಕಿಕೊಂಡು ಮೂಡುಬಿದಿರೆಗೆ ತಂದು, ‘ಇದು ಓಡುವುದೇ ಇಲ್ಲ ಮಾರಾಯ್ರೆ, ಈ ಕಂಪ್ಯೂಟರಿಗೆ ಏನೋ ದೋಷ ಉಂಟು’ ಎಂದರು. ಮನೆಯ ಫೋಟೋ ತಂದು ಗೋಡೆಗೆ ನೇತುಹಾಕಿ, ಒಳಗೆ ಹೋಗಲು ಆಗುವುದಿಲ್ಲ ಎಂದು ದೂರಿದ ಹಾಗೆ.

ಆ ಸಾಫ್ಟ್‌ವೇರಿನ ಸ್ವಭಾವವೂ ಹಳೆಯ ಕಾಲದ ಮೊಂಡರದ್ದೇ. ಧ್ವನಿಯ ಫೈಲುಗಳು ಎಲ್ಲಿವೆ ಎಂಬ ವಿಳಾಸ ಅದರ ಹೊಟ್ಟೆಯಲ್ಲೇ ಬರೆದಿಟ್ಟದ್ದು. ಡಿ ಡ್ರೈವ್, ಅದರೊಳಗೆ ಇಂಥ ಫೋಲ್ಡರ್, ಅದರೊಳಗೆ ಇಂಥದ್ದು ಎಂದು. ಆ ವಿಳಾಸದಲ್ಲಿ ಸಿಕ್ಕಿದರೆ ನುಡಿಸುತ್ತದೆ, ಇಲ್ಲದಿದ್ದರೆ ‘ಫೈಲ್ ಸಿಗಲಿಲ್ಲ’ ಎಂದು ಪೆಟ್ಟಿಗೆಯೊಂದನ್ನು ತೋರಿಸಿ ಸುಮ್ಮನಾಗುತ್ತದೆ. ಪಕ್ಕದ ಫೋಲ್ಡರಿನಲ್ಲೇ ಇದ್ದರೂ ಕಣ್ಣೆತ್ತಿ ನೋಡುವುದಿಲ್ಲ. ಮೂಡುಬಿದಿರೆಯ ಕಂಪ್ಯೂಟರಿನಲ್ಲಿ ಯಾರೋ ಭಕ್ತರು ಬಳಕೆದಾರರ ಹೆಸರಿನ ಜಾಗದಲ್ಲಿ ‘ಶ್ರೀ ಗಣೇಶಾಯ ನಮಃ’ ಎಂದು ಕನ್ನಡದಲ್ಲಿ ಬರೆದಿದ್ದರು. ಹಳೆಯ ಸಾಫ್ಟ್‌ವೇರಿಗೆ ಕನ್ನಡ ಅಕ್ಷರ ಓದಲು ಬಾರದು, ಶುರುವಾಗುವಾಗ ಅದು ತೆರೆಯಬೇಕಾದ ಇನ್ನೊಂದು ಫೋಲ್ಡರಿನ ವಿಳಾಸದಲ್ಲಿ ಈ ಹೆಸರೂ ಇರುತ್ತದೆ, ಅದರ ನಡುವೆ ಗಣಪತಿ ಬಂದಲ್ಲಿಗೆ ಅದು ನಿಂತುಬಿಡುತ್ತಿತ್ತು. ವಿಘ್ನ ನಿವಾರಕನೇ ವಿಘ್ನವಾಗಿದ್ದಾನೆ ಎಂದು ಜಯಕರರಿಗೆ ಹೇಳಿದರೆ ಅವರು ನಗಲಿಲ್ಲ. ಬೇರೆ ಹೆಸರು ಕೊಟ್ಟು, ಅದನ್ನು ಸರಿಮಾಡಿ, ಪದಗಳ ಮೊದಲನೆಯ ಸರಣಿಯನ್ನು ಮತ್ತೆ ಮತ್ತೆ ನುಡಿಸಿ ನೋಡುವಷ್ಟರಲ್ಲಿ ಅದು ನನಗೆ ಬಾಯಿಪಾಠವಾಗಿತ್ತು.

ಮರುದಿನ ಬೆಳ್ತಂಗಡಿ. ಅಲ್ಲಿಯದ್ದು ಹೊಸ ಕಂಪ್ಯೂಟರು. ಅದಕ್ಕೆ ಡಿ ಡ್ರೈವೇ ಇಲ್ಲ. ಬೆಳಿಗ್ಗೆ ಸಾಫ್ಟ್‌ವೇರನ್ನು ಮಾತ್ರ ಹಾಕಿ, ಧ್ವನಿಯ ಫೈಲುಗಳನ್ನು ಊಟವಾದ ಮೇಲೆ ಹಾಕಿ ವಿಳಾಸ ಬದಲಾಯಿಸುತ್ತೇನೆಂದು ಹೇಳಿ ನಾನು ಹೊರಗೆ ಹೋದೆ. ಫೈಲುಗಳಿದ್ದ ಪೆನ್‌ಡ್ರೈವ್ ನನ್ನ ಬ್ಯಾಗಿನಲ್ಲಿತ್ತು. ಬ್ಯಾಗು ನನ್ನ ಹೆಗಲಿನಲ್ಲಿತ್ತು. ಇದನ್ನು ನೆನಪಿಡಿ.

ಊಟ ಮುಗಿಸಿ ಬಂದಾಗ ಕೇಂದ್ರದಲ್ಲಿ ಗಲಾಟೆ. ಮುಂಡಾಜೆಯಲ್ಲಿ ಹೋಟೆಲು ನಡೆಸುವ ಸಂಜೀವ ಶೆಟ್ಟರನ್ನು ಅವರ ತಮ್ಮ ದಿನೇಶ ಕರೆದುಕೊಂಡು ಬಂದಿದ್ದ. ಶೆಟ್ಟರ ಹೆಂಡತಿ ಲೀಲಕ್ಕನೂ ಜೊತೆಗಿದ್ದರು. ಶೆಟ್ಟರು ಒಳಗೆ ಗಾಜಿನ ಕೋಣೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಕುಳಿತಿದ್ದರು, ಐವತ್ತು ದಾಟಿದ ದಪ್ಪ ಆಳು, ಮೊಣಕಾಲಿನ ಮೇಲೆ ಎರಡೂ ಕೈ ಊರಿ ಶಾಲೆಯ ಮಕ್ಕಳ ಹಾಗೆ. ದಿನೇಶ ಹೊರಗೆ ಎಲ್ಲರಿಗೂ ಕೇಳುವಂತೆ ಮಾತಾಡುತ್ತಿದ್ದ. ಬಿಳಿ ಅಂಗಿ, ಕೈಯಲ್ಲಿ ಕಾರಿನ ಕೀ, ಅದನ್ನು ತಿರುಗಿಸುವ ಬೆರಳು. ನೋಡಿದ ಕೂಡಲೇ ನನಗೆ ಹಿಡಿಸದ ಜಾತಿ.

‘ಕಿವಿಯದ್ದು ಏನೂ ಇಲ್ಲ ಮೇಡಂ, ತಲೆಯದ್ದು,’ ಎಂದು ಹರಿಣಾಕ್ಷಿಗೆ ಹೇಳುತ್ತಿದ್ದ. ‘ಗಿರಾಕಿ ಬನ್ಸ್ ಉಂಟಾ ಅಂತ ಕೇಳಿದ್ರೆ, ಬಸ್ಸು ಹೋಯ್ತು ಅಂತಾನೆ. ಚಾ ಹೇಳಿದವನಿಗೆ ಸಾಂಬಾರು ತಂದಿಡ್ತಾನೆ. ಹೀಗಾದ್ರೆ ಹೋಟೆಲು ಉಳಿಯುವುದುಂಟಾ? ನೀವೊಂದು ಬರ್ದು ಕೊಡಿ, ಕಿವಿ ಸರಿ ಉಂಟು ಅಂತ. ಮುಂದಿನದ್ದು ನಾನು ನೋಡಿಕೊಳ್ತೇನೆ.’

‘ಮುಂದಿನದ್ದು ಏನಂತ ಹೇಳು ದಿನೇಶ,’ ಎಂದರು ಲೀಲಕ್ಕ. ‘ಹೋಟೆಲು ನಿನ್ನ ಹೆಸರಿಗೆ ಮಾಡಿಸಿಕೊಳ್ಳುವುದು. ಅಲ್ವಾ? ಅದನ್ನೂ ಹೇಳು.’ ಆಮೇಲೆ ನನ್ನ ಕಡೆ ತಿರುಗಿ, ನಾನೇ ತೀರ್ಪು ಕೊಡುವವಳು ಎಂಬಂತೆ, ‘ಅವರಿಗೆ ಕೇಳುವುದಿಲ್ಲ ಅಕ್ಕ. ಕೇಳುವುದಿಲ್ಲ ಅಂತ ಹೇಳ್ಲಿಕ್ಕೆ ನಾಚಿಕೆ. ಅಂದಾಜಿನಲ್ಲಿ ಉತ್ತರ ಕೊಡ್ತಾರೆ,’ ಎಂದರು.

ಬೀಪ್ ಪರೀಕ್ಷೆ ಆಗಲೇ ಮುಗಿದಿತ್ತು. ಶೆಟ್ಟರು ಗುಂಡಿ ಒತ್ತಿದ್ದೇ ಕಡಿಮೆ. ನಾಟಕ ಮಾಡುತ್ತಿದ್ದಾನೆ ಎಂದು ದಿನೇಶ ಕೂಗಾಡಿದ್ದರಿಂದ ಹರಿಣಾಕ್ಷಿ ನನಗೆ ಕಾಯದೆ ಪದಗಳ ಪರೀಕ್ಷೆ ಶುರು ಮಾಡಿದ್ದಳು. ಸಾಫ್ಟ್‌ವೇರ್ ಹಾಕಿ ಆಗಿದೆ ಎಂದಷ್ಟೇ ಜಯಕರ ಅವಳಿಗೆ ಹೇಳಿದ್ದು. ನಾನು ಅವಳ ಮೇಜಿನ ಹತ್ತಿರ ಹೋದಾಗ, ಕೋಣೆಯೊಳಗಿನ ಮಾತನ್ನು ಹೊರಗೆ ಕೇಳಿಸುವ ಸ್ಪೀಕರಿನಲ್ಲಿ ಶೆಟ್ಟರ ದೊಡ್ಡ ಸ್ವರ ಕೇಳುತ್ತಿತ್ತು. ‘ಮನೆ,’ ಎಂದರು. ಸ್ವಲ್ಪ ತಡೆದು ‘ಹಾಲು’ ಎಂದರು. ‘ಕಿವಿ.’ ‘ಮಳೆ.’ ಹರಿಣಾಕ್ಷಿ ಅತಿ ಸಣ್ಣ ಧ್ವನಿಗೆ ಇಳಿಸಿದ್ದರೂ ಅವರು ಒಂದನ್ನೂ ಬಿಡದೆ ಹೇಳುತ್ತ ಹೋದರು. ದಿನೇಶನ ಮುಖ ಅರಳಿತು. ಲೀಲಕ್ಕ ತಲೆ ತಗ್ಗಿಸಿದರು.

ನಾನು ಮಾತ್ರ ಕಂಪ್ಯೂಟರಿನ ಎದುರು ನಿಂತು ನೋಡುತ್ತಿದ್ದೆ. ಅವಳು ತೆರೆದಿಟ್ಟ ಇನ್ನೊಂದು ಕಿಟಕಿಯ ಹಿಂದೆ, ಅರ್ಧ ಮರೆಯಾಗಿ, ‘ಫೈಲ್ ಸಿಗಲಿಲ್ಲ’ ಎಂಬ ಪೆಟ್ಟಿಗೆ ನಿಂತಿತ್ತು. ಇರಲೇಬೇಕಲ್ಲ. ಫೈಲುಗಳು ನನ್ನ ಹೆಗಲಿನಲ್ಲಿದ್ದವು.

‘ಹರಿಣಾಕ್ಷಿ, ಇದರಲ್ಲಿ ಏನೂ ನುಡಿಯುತ್ತಿಲ್ಲ,’ ಎಂದೆ.

ನಾನು ಮೆತ್ತಗೆ ಹೇಳಿದ್ದೆ. ಜಯಕರ ಬಂದು ಬಗ್ಗಿ ನೋಡಿ, ಇಡೀ ಪೇಟೆಗೆ ಕೇಳುವಂತೆ, ‘ಅಯ್ಯೋ, ಸೌಂಡೇ ಇಲ್ವಾ? ಹಾಗಾದ್ರೆ ಇವರು ಹೇಳ್ತಿರೋದು ಏನು ಮಾರಾಯ್ರೆ?’ ಎಂದರು. ದಿನೇಶನಿಗೆ ಬೇಕಾದದ್ದೂ ಅದೇ.

‘ನೋಡಿದ್ರಾ! ಇಲ್ಲದ್ದು ಕೇಳ್ತದೆ ಅಣ್ಣನಿಗೆ. ಇನ್ನೇನು ಬೇಕು ನಿಮಗೆ? ಇದನ್ನೇ ಬರ್ದು ಕೊಡಿ. ಶಬ್ದ ಇಲ್ಲದಿದ್ರೂ ಕೇಳ್ತದೆ ಅಂತ.’

ಅವನಿಗೆ ಆ ಕ್ಷಣದಲ್ಲಿ ಆದ ಸಂತೋಷವನ್ನು ನಾನು ಮರೆತಿಲ್ಲ. ಒಡಹುಟ್ಟಿದವನ ತಲೆ ಕೆಟ್ಟಿತೆಂದು ಇಷ್ಟು ಹಿಗ್ಗಿದವನನ್ನು ನಾನು ಬೇರೆಲ್ಲೂ ಕಂಡಿಲ್ಲ. ಒಳಗಿದ್ದ ಶೆಟ್ಟರಿಗೆ ಇದೇನೂ ಗೊತ್ತಿಲ್ಲ, ಅವರು ಮುಂದಿನ ಪದಕ್ಕೆ ಕಾಯುತ್ತ ನಮ್ಮನ್ನು ನೋಡಿ ನಕ್ಕರು.

ಸುಮ್ಮನಿರಲು ನನಗೆ ಆಗಲಿಲ್ಲ. ‘ಅವರು ಬಾಯಿಗೆ ಬಂದದ್ದು ಹೇಳಿದ್ದಲ್ಲ,’ ಎಂದೆ. ‘ಕಂಪ್ಯೂಟರು ಸರಿ ಇದ್ದಿದ್ದರೆ ಯಾವ ಪದಗಳು ಬರುತ್ತಿದ್ದವೋ, ಅದೇ ಪದಗಳನ್ನು ಅದೇ ಸಾಲಿನಲ್ಲಿ ಹೇಳಿದ್ದಾರೆ. ನನಗೆ ಆ ಸಾಲು ಬಾಯಿಪಾಠ ಬರ್ತದೆ.’

‘ನುಡಿಯದೇ ಇದ್ದದ್ದು ಹೇಗೆ ಕೇಳ್ತದೆ ಮೇಡಂ?’ ಎಂದ ದಿನೇಶ.

‘ಗೊತ್ತಿಲ್ಲ,’ ಎಂದೆ. ಗಿರಾಕಿಯ ಎದುರು ಈ ಮಾತು ನನ್ನ ಬಾಯಿಂದ ಬಂದದ್ದು ಅದೇ ಮೊದಲು. ಹೇಳಿದ ಮೇಲೆ ನನಗೇ ಸಿಟ್ಟು ಬಂತು.

ಸಿಟ್ಟಿನಲ್ಲೇ ಹುಡುಕತೊಡಗಿದೆ. ಹರಿಣಾಕ್ಷಿಯ ಮೈಕ್ ಬಂದ್ ಇತ್ತು. ಕಂಪ್ಯೂಟರಿನಲ್ಲಿ ಎಲ್ಲಾದರೂ ಹಳೆಯ ಪ್ರತಿ ಇದೆಯೇ ಎಂದು ಇಡೀ ಡಿಸ್ಕನ್ನು ಜಾಲಾಡಿದೆ, ಆ ಹೆಸರಿನ ಒಂದು ಫೈಲೂ ಇರಲಿಲ್ಲ. ನೆಟ್ಟು ಬೆಳಿಗ್ಗೆಯಿಂದಲೇ ಹೋಗಿತ್ತು. ಹೆಡ್‌ಫೋನನ್ನು ಶೆಟ್ಟರ ತಲೆಯಿಂದ ತೆಗೆಸಿ ನಾನೇ ಹಾಕಿ ನೋಡಿದೆ. ಮೌನ. ಶೆಟ್ಟರು ಈ ಪರೀಕ್ಷೆಗೆ ಹಿಂದೆಂದೂ ಬಂದವರಲ್ಲ ಎಂದು ಲೀಲಕ್ಕ ಹೇಳಿದರು. ಇನ್ನು ಉಳಿದದ್ದು ಒಂದೇ. ಹರಿಣಾಕ್ಷಿ ತನ್ನ ಎದುರಿಗಿದ್ದ ಅಚ್ಚಿನ ಹಾಳೆಯಲ್ಲಿ ಪದಗಳನ್ನು ನೋಡಿ ಗುರುತು ಹಾಕುತ್ತಿದ್ದಳು. ಓದುವಾಗ ಅವಳ ತುಟಿ ಆಡಿರಬೇಕು, ಗಾಜಿನ ಆಚೆಯಿಂದ ಶೆಟ್ಟರು ಅದನ್ನು ಕಂಡಿರಬೇಕು. ಕಿವಿ ಕೇಳದವರು ತುಟಿ ನೋಡಿ ಮಾತು ಹಿಡಿಯುತ್ತಾರೆ. ಸಿಕ್ಕಿತಲ್ಲ ಎಂದುಕೊಂಡೆ. ಬಹಳ ಹಗುರವಾಯಿತು.

‘ಎರಡನೇ ಸರಣಿ ಹಾಕುವ. ನೀನು ಆ ಕಡೆ ತಿರುಗಿ ಕೂತುಕೋ,’ ಎಂದು ಹರಿಣಾಕ್ಷಿಗೆ ಹೇಳಿದೆ. ಅವಳು ಕಿಟಕಿಗೆ ಬೆನ್ನು ಹಾಕಿ, ಹಾಳೆಯನ್ನು ಮಡಿಲಿನಲ್ಲಿಟ್ಟುಕೊಂಡು ಕುಳಿತಳು. ಎರಡನೇ ಸರಣಿಯನ್ನು ನಾನು ಕೇಳಿಯೇ ಇರಲಿಲ್ಲ. ಗುಂಡಿ ಒತ್ತಿದೆ. ‘ಫೈಲ್ ಸಿಗಲಿಲ್ಲ’ ಎಂಬ ಪೆಟ್ಟಿಗೆ ಬಂತು.

ಶೆಟ್ಟರು ತಲೆ ಸ್ವಲ್ಪ ಓರೆ ಮಾಡಿದರು. ‘ದಾರಿ,’ ಎಂದರು. ‘ಅಕ್ಕಿ.’ ‘ನಾಯಿ.’

ನಾನು ಹರಿಣಾಕ್ಷಿಯನ್ನು ನೋಡಿದೆ. ಅವಳು ಗುರುತು ಹಾಕುತ್ತಿದ್ದಳು. ಅವಳ ಕತ್ತಿನ ಹಿಂದೆ ಬೆವರು ಇಳಿಯುತ್ತಿತ್ತು. ದಿನೇಶನ ಕೀ ತಿರುಗುವುದು ನಿಂತಿತ್ತು. ಒಬ್ಬ ಮನುಷ್ಯ ಗಾಜಿನ ಆಚೆ ಕುಳಿತು, ಯಾರೋ ಹೇಳಿಕೊಡುತ್ತಿರುವ ಹಾಗೆ ಅಷ್ಟಷ್ಟು ಹೊತ್ತು ಬಿಟ್ಟು ಒಂದೊಂದೇ ಪದ ಹೇಳುತ್ತಿದ್ದ. ಸರಣಿ ಮುಗಿದ ಮೇಲೆ ಹರಿಣಾಕ್ಷಿ ಹೇಳಿದಳು: ‘ಎಲ್ಲ ಸರಿ ಅಕ್ಕ. ಒಂದು ಮಾತ್ರ ತಪ್ಪು. ಗಡಿ ಅಂತ ಉಂಟು, ಇವರು ಗಿಡ ಅಂದ್ರು.’

ಆ ಒಂದು ತಪ್ಪು ನನಗೆ ಎಷ್ಟು ನೆಮ್ಮದಿ ಕೊಟ್ಟಿತೆಂದರೆ, ಹೇಳಲಾರೆ. ಮನುಷ್ಯ ಹೇಗೋ ಊಹಿಸುತ್ತಿದ್ದಾನೆ, ಊಹೆ ಒಂದು ಕಡೆ ಕೈಕೊಟ್ಟಿದೆ ಎಂದುಕೊಂಡೆ. ಪೆನ್‌ಡ್ರೈವ್ ತೆಗೆದು ಫೈಲುಗಳನ್ನು ಸಿ ಡ್ರೈವಿಗೆ ಹಾಕಿ, ಸಾಫ್ಟ್‌ವೇರಿನ ವಿಳಾಸ ತಿದ್ದಿ, ಎರಡನೇ ಸರಣಿಯನ್ನು ನಾನೇ ಹೆಡ್‌ಫೋನ್ ಹಾಕಿಕೊಂಡು ಕೇಳಿದೆ. ಹೆಂಗಸಿನ ಸ್ವರ, ಅವಸರವಿಲ್ಲದ್ದು. ದಾರಿ. ಅಕ್ಕಿ. ನಾಯಿ. ಹಾಗೆಯೇ ಮುಂದೆ. ಅಚ್ಚಿನ ಹಾಳೆಯಲ್ಲಿ ಗಡಿ ಎಂದಿದ್ದ ಜಾಗ ಬಂತು.

ಆ ಹೆಂಗಸು ‘ಗಿಡ’ ಎಂದಳು.

ಓದುವಾಗ ತಪ್ಪಿದ್ದಳು. ಯಾರೂ ತಿದ್ದಿರಲಿಲ್ಲ. ಬಂಟ್ವಾಳದಲ್ಲಿ ಎರಡನೇ ಸರಣಿಯನ್ನು ಬಳಸುತ್ತಲೇ ಇರಲಿಲ್ಲವಾದ್ದರಿಂದ ಹರಿಣಾಕ್ಷಿಗೂ ಇದು ಗೊತ್ತಿರಲಿಲ್ಲ. ನಾನು ಹೆಡ್‌ಫೋನನ್ನು ಅವಳ ಕೈಗೆ ಕೊಟ್ಟೆ. ಅವಳು ಕೇಳಿ, ತೆಗೆದು, ಮೇಜಿನ ಮೇಲಿಟ್ಟು, ಅಂಗೈಯನ್ನು ಚೂಡಿದಾರಿಗೆ ಒರೆಸಿಕೊಂಡಳು. ‘ಅಕ್ಕ, ಈಗ ಸರಿಯಾಗಿ ಟೆಸ್ಟ್ ಮಾಡುವ,’ ಎಂದಷ್ಟೇ ಹೇಳಿದಳು.

ಶೆಟ್ಟರನ್ನು ಮತ್ತೆ ಕೂರಿಸಿದೆವು. ಈ ಸಲ ಫೈಲು ಇತ್ತು, ವಿಳಾಸ ಸರಿಯಿತ್ತು, ಪೆಟ್ಟಿಗೆ ಬರಲಿಲ್ಲ. ಪದಗಳು ಹೋಗುತ್ತಿರುವುದನ್ನು ಪರದೆಯ ಮೇಲೆ ಕುಣಿಯುವ ಗೆರೆ ತೋರಿಸುತ್ತಿತ್ತು. ಶೆಟ್ಟರು ಸುಮ್ಮನೆ ಕುಳಿತಿದ್ದರು. ಹರಿಣಾಕ್ಷಿ ಧ್ವನಿ ಏರಿಸಿದಳು. ಇನ್ನೂ ಏರಿಸಿದಳು. ಅವರು ನಮ್ಮನ್ನೇ ನೋಡುತ್ತ, ಬಹಳ ಹೊತ್ತಾದ ಮೇಲೆ, ‘ಶುರು ಮಾಡಿ ಮಾರಾಯ್ರೆ,’ ಎಂದರು.

ಆಗ ಅರ್ಧ ಸರಣಿ ಮುಗಿದಿತ್ತು.

ಕೊನೆಗೆ ಹರಿಣಾಕ್ಷಿ ಇನ್ನು ಏರಿಸಬಾರದೆಂಬಷ್ಟು ಏರಿಸಿದ ಮೇಲೆ ಶೆಟ್ಟರು ಒಂದೆರಡು ಪದ ಹಿಡಿದರು, ಅವೂ ತಪ್ಪು. ಬನ್ಸಿಗೆ ಬಸ್ಸು ಎನ್ನುವಂಥ ತಪ್ಪು. ಹರಿಣಾಕ್ಷಿ ಎರಡೂ ಕಿವಿಗಳ ಶ್ರವಣಶಕ್ತಿ ಬಹಳ ಕುಂದಿದೆ ಎಂದು ಬರೆದಳು. ದಿನೇಶ ಮೇಜು ಕುಟ್ಟಿದ. ಮೊದಲು ಕೇಳಿದ್ದನ್ನೂ ಬರೆಯಬೇಕು ಎಂದ.

‘ಮೊದಲು ಟೆಸ್ಟೇ ಆಗ್ಲಿಲ್ಲ. ಸೌಂಡೇ ಹೋಗದೆ ಟೆಸ್ಟ್ ಅಂತ ನಾನು ಹೇಗೆ ಬರೀಲಿ?’ ಎಂದಳು ಅವಳು, ಸ್ವರ ಏರಿಸದೆ.

ಜಯಕರ ಆ ಹೊತ್ತಿಗಾಗಲೇ ಯಂತ್ರಗಳ ಪೆಟ್ಟಿಗೆ ತೆರೆದಿಟ್ಟು ಲೀಲಕ್ಕನಿಗೆ ವಿವರಿಸತೊಡಗಿದ್ದರು. ಅವರ ಮಟ್ಟಿಗೆ ಆ ಮಧ್ಯಾಹ್ನ ನಡೆದದ್ದು ಒಂದು ವ್ಯಾಪಾರ ಅಷ್ಟೆ. ದಿನೇಶ ಅಣ್ಣನನ್ನೂ ಅತ್ತಿಗೆಯನ್ನೂ ಅಲ್ಲೇ ಬಿಟ್ಟು ಕಾರು ಹತ್ತಿ ಹೋದ. ಅವರು ಬಸ್ಸಿನಲ್ಲಿ ಮರಳಬೇಕಾಯಿತು.

ಹೊರಡುವ ಮೊದಲು ಶೆಟ್ಟರು ನನ್ನ ಹತ್ತಿರ ಬಂದರು. ಕಿವಿ ಕೇಳದವರ ದೊಡ್ಡ ಸ್ವರದಲ್ಲಿ ಕೇಳಿದರು: ‘ಆ ಹೆಂಗಸು ಎಲ್ಲಿಗೆ ಹೋದ್ರು? ಮೊದಲೆರಡು ಸಲ ಚಂದ ಹೇಳಿಕೊಟ್ರು. ಮೂರನೇ ಸಲ ಬರ್ಲೇ ಇಲ್ಲ.’

ಲೀಲಕ್ಕ ಅವರ ತೋಳು ಹಿಡಿದು ಮೆಟ್ಟಿಲು ಇಳಿಸಿದರು.

ಆಮೇಲೆ ನಾನು ಮಾಡದ ಪ್ರಯೋಗವಿಲ್ಲ. ಮೂಡುಬಿದಿರೆಯ ನನ್ನ ಕೋಣೆಯಲ್ಲಿ ಅದೇ ಸಾಫ್ಟ್‌ವೇರ್ ಹಾಕಿ, ಫೈಲುಗಳನ್ನು ಹಾಕದೆ, ಹೆಡ್‌ಫೋನ್ ಧರಿಸಿ ಕುಳಿತೆ. ನನ್ನದೇ ಉಸಿರು ಕೇಳಿತು. ಬಂಟ್ವಾಳಕ್ಕೆ ಹೋದಾಗ ಆ ಹಳೆಯ ಕಂಪ್ಯೂಟರಿನಲ್ಲಿ ಫೋಲ್ಡರಿನ ಹೆಸರು ಬದಲಿಸಿ, ವಿಳಾಸ ತಪ್ಪಿಸಿ ನೋಡಿದೆ. ಪೆಟ್ಟಿಗೆ ಬಂತು, ಬೇರೇನೂ ಬರಲಿಲ್ಲ. ಧ್ವನಿ ಕೊಟ್ಟ ಹೆಂಗಸು ಯಾರೆಂದು ವಿಚಾರಿಸಿದೆ. ಮುಚ್ಚಿದ ಕಂಪೆನಿಯಲ್ಲಿ ಹಿಂದೆ ಇದ್ದವರೊಬ್ಬರು ಸಿಕ್ಕಿದರು, ಅವರಿಗೂ ನೆನಪಿಲ್ಲ. ಇದನ್ನು ಕೇಳಿದವರೆಲ್ಲ ನನಗೆ ವಿವರಣೆ ಕೊಡಲು ಮುಂದೆ ಬಂದಿದ್ದಾರೆ. ಒಬ್ಬರು ಆ ಹೆಂಗಸು ಸತ್ತಿರಬೇಕು, ಅತೃಪ್ತ ಆತ್ಮ ಎಂದರು. ಆತ್ಮಕ್ಕೆ ಬೇರೆ ಕೆಲಸವಿಲ್ಲದೆ ಅಕ್ಕಿ, ನಾಯಿ ಎಂದು ಪಾಠ ಹೇಳಲು ಬೆಳ್ತಂಗಡಿಗೆ ಬರುತ್ತದೆಯೇ? ಇನ್ನೊಬ್ಬರು, ದೊಡ್ಡ ಕಾಲೇಜಿನಲ್ಲಿ ಕಲಿಸುವವರು, ‘ಕಾಕತಾಳೀಯ’ ಎಂದು ಒಂದೇ ಪದದಲ್ಲಿ ಮುಗಿಸಿದರು. ಕಾಗೆ ಕೂರುವುದಕ್ಕೂ ಹಣ್ಣು ಬೀಳುವುದಕ್ಕೂ ಒಂದು ಸಲ ಹೊಂದಿಬರಬಹುದು. ಎರಡು ಸರಣಿಯ ಅಷ್ಟೂ ಪದಗಳಿಗೆ, ತಪ್ಪಿದ ಪದದ ಸಮೇತ, ಕಾಗೆ ಬಂದು ಕೂರುತ್ತದೆಯೇ? ಮೊದಲನೆಯವರ ಮೇಲೆ ನನಗೆ ಎಷ್ಟು ತಾತ್ಸಾರವೋ ಎರಡನೆಯವರ ಮೇಲೂ ಅಷ್ಟೇ. ಇಬ್ಬರೂ ಅಲ್ಲಿ ಇರಲಿಲ್ಲ.

ಕೆಲವು ತಿಂಗಳ ನಂತರ ಚಾರ್ಮಾಡಿ ಕಡೆ ಹೋಗುವಾಗ ಮುಂಡಾಜೆಯಲ್ಲಿ ಇಳಿದು ಶೆಟ್ಟರ ಹೋಟೆಲಿಗೆ ಹೋದೆ. ಗಲ್ಲಾಪೆಟ್ಟಿಗೆಯ ಹಿಂದೆ ಅವರೇ ಕುಳಿತಿದ್ದರು, ಎರಡೂ ಕಿವಿಗಳಲ್ಲಿ ಯಂತ್ರ. ದಿನೇಶನ ಸುದ್ದಿ ಅವರೂ ಎತ್ತಲಿಲ್ಲ, ನಾನೂ ಕೇಳಲಿಲ್ಲ. ಗೋಳಿಬಜೆ, ಚಾ ಕೊಟ್ಟು ಎದುರಿನ ಬೆಂಚಿನಲ್ಲಿ ಬಂದು ಕುಳಿತರು.

‘ಈಗ ಹೇಗೆ ಕೇಳ್ತದೆ ಶೆಟ್ರೇ?’ ಎಂದೆ.

‘ಕೇಳ್ತದೆ. ತಟ್ಟೆ ಬೀಳುವುದು, ಹಾರ್ನು, ಇವಳು ಬೈಯುವುದು, ಎಲ್ಲ ಕೇಳ್ತದೆ,’ ಎಂದರು. ಒಳಗಿನಿಂದ ಲೀಲಕ್ಕ ನಕ್ಕದ್ದು ಕೇಳಿತು. ಶೆಟ್ಟರು ಮುಂದೆ ಬಾಗಿ, ಸ್ವರ ತಗ್ಗಿಸಿ, ‘ಆದ್ರೆ ಆ ದಿನ ಆ ಹೆಂಗಸು ಹೇಳಿದ ಹಾಗೆ ಸ್ಪಷ್ಟ ಯಾವುದೂ ಇಲ್ಲ. ಎಷ್ಟೋ ವರ್ಷ ಆಗಿತ್ತು ಮೇಡಂ, ನನ್ನ ಕಿವಿಯ ಹತ್ರ ಯಾರೂ ಅಷ್ಟು ತಾಳ್ಮೆಯಲ್ಲಿ ಮಾತಾಡದೆ. ನೀವು ಅಲ್ಲಿಗೆ ಹೋಗ್ತಾ ಇರ್ತೀರಲ್ಲ. ಅವರು ಸಿಕ್ಕಿದ್ರೆ ನಾನು ಕೇಳಿದ್ದೇನೆ ಅಂತ ಹೇಳಿ,’ ಎಂದರು.

ಯಂತ್ರ, ಧ್ವನಿಮುದ್ರಣ, ಫೈಲು ಎಂದೆಲ್ಲ ವಿವರಿಸಲು ನಾನು ಬಾಯಿ ತೆರೆದೆ. ಅಂಥ ವಿವರಣೆ ಕೊಡುವುದೇ ನನ್ನ ಜೀವನ. ಅವರು ನನ್ನ ಬಾಯನ್ನೇ ನೋಡುತ್ತ ಕಾಯುತ್ತಿದ್ದರು.

‘ಆಯ್ತು ಶೆಟ್ರೇ,’ ಎಂದೆ. ‘ಹೇಳ್ತೇನೆ.’